ಸೀರೆಗೆ ಗಾದಿ, ಉಸಿರಿಗೆ ಡಬ್ಬಿ

ನಮ್ಮಲ್ಲಿ ಗೊರಕೆಗೆ ಇರುವ ಮರ್ಯಾದೆ ಎಚ್ಚರವಾಗಿರುವವರಿಗೂ ಇಲ್ಲ. ಗೊರಕೆ ಹೊಡೆಯುವ ಗಂಡಸು ಎಂದರೆ ಉಂಡು ತೃಪ್ತಿಯಾದವನು, ಸಾಲಗಾರರ ಕಾಟವಿಲ್ಲದವನು, ಮಕ್ಕಳ ಮದುವೆ ಮುಗಿಸಿ ಕೈ ತೊಳೆದುಕೊಂಡವನು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಬೆಂಗಳೂರಿನ ನಗರ್ತಪೇಟೆಯವರು ತಲೆತಲಾಂತರದಿಂದ ಮಲಗಿ ತೋರಿಸಿದ್ದಾರೆ. ಕೆಳಗೆ ಅಂಗಡಿ, ನಡುವೆ ಗೋಡೌನು, ಮೇಲೆ ಮನೆ. ಹಗಲೆಲ್ಲ ಕೈಗಾಡಿಯವರ ಕೂಗು, ರಾತ್ರಿ ಹಿಂದಕ್ಕೆ ಸರಿಯುವ ಟೆಂಪೋಗಳ ಪೀಂಪೀಂ. ಚೈತ್ರದ ಹುಣ್ಣಿಮೆಗೆ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಟರೆ ಬೆಳಗಾಗುವ ತನಕ ಪೇಟೆಗೆ ಪೇಟೆಯೇ ಎದ್ದಿರುತ್ತದೆ. ಇಂಥ ಕಡೆ ಗೋಡೆ ದಾಟಿ ಬರುವ ಗೊರಕೆ ಯಾರಿಗೂ ಕಾಯಿಲೆಯಂತೆ ಕೇಳಿಸಲಿಲ್ಲ, ಅಂತಸ್ತಿನಂತೆ ಕೇಳಿಸಿತು.

ಗೊರಕೆಯ ಸದ್ದಿಗಿಂತ ನಡುನಡುವೆ ಅದು ನಿಲ್ಲುವುದೇ ಅಪಾಯ ಎಂದು ನಾವು ತಿಳಿದುಕೊಳ್ಳಲು ದೊಡ್ಡವರೇ ಬೇಕಾಯಿತು. ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ವೇದಿಕೆಗಳ ಮೇಲೆ ತೂಕಡಿಸಿದ್ದನ್ನು ಕ್ಯಾಮೆರಾದವರು ಬಿಡದೆ ಹಿಡಿದರು. ತಮಗೆ ಸ್ಲೀಪ್ ಆಪ್ನಿಯಾ ಇದೆ ಎಂದು ಅವರೇ ಹೇಳಿಕೊಂಡ ಮೇಲೆ ಆ ಹೆಸರು ಕನ್ನಡ ಪತ್ರಿಕೆಗಳಿಗೆ ಬಂತು. ನಾವು ಕಾಯಿಲೆಯ ಹೆಸರು ಕಲಿತೆವು, ನಗುವುದನ್ನು ಮಾತ್ರ ಬಿಡಲಿಲ್ಲ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹರಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಇದೇ ಕಾಯಿಲೆಯ ಹೆಸರು ಹೇಳಿದರು. ಆಗ ಒಂದು ವಾರ ವಾಟ್ಸಾಪಿನಲ್ಲಿ ಎಲ್ಲರೂ ಎಲ್ಲರ ಗೊರಕೆ ವಿಚಾರಿಸಿದರು. ಎಂಟನೇ ದಿನ ಯಥಾಪ್ರಕಾರ ಗುಡ್ ಮಾರ್ನಿಂಗ್ ಗುಲಾಬಿ ಬಂತು.

ನಮ್ಮ ಬೀದಿಯ ಸಗಟು ಸೀರೆ ಅಂಗಡಿಯ ಯಜಮಾನರು ಈ ವಿಷಯದಲ್ಲಿ ಮುಂದುವರಿದವರು. ತಲೆಗೆ, ಎದೆಗೆ, ಮೂಗಿಗೆ ವೈರು ಅಂಟಿಸಿಕೊಂಡು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಬಂದವರು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಗೆ ಹಿಂದಕ್ಕೆ ಜಾರಿ, ಗಾಳಿಯ ದಾರಿ ಮುಚ್ಚಿ, ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚೋ ಉಸಿರು ನಿಂತರೆ ಅದು ಒಂದು ಲೆಕ್ಕ. ಗಂಟೆಗೆ ಐದರೊಳಗೆ ಇದ್ದರೆ ಚಿಂತೆಯಿಲ್ಲ, ಹದಿನೈದು ದಾಟಿದರೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ. ಯಜಮಾನರದು ನಲವತ್ತು ದಾಟಿತ್ತು. ವ್ಯಾಪಾರದಲ್ಲಿ ಎಂದೂ ಬಾರದ ಬೆಳವಣಿಗೆ ಎಂದು ಅವರೇ ನಕ್ಕಿದ್ದರು. ಮೂಗಿಗೆ ಗಾಳಿ ಊದುವ ಸಿಪ್ಯಾಪ್ ಮಿಷನ್ನು ಮನೆಗೆ ಬಂತು. ಹಗಲು ಗಲ್ಲಾಪೆಟ್ಟಿಗೆಯ ಮೇಲೆ ತಲೆ ಬಾಗುವುದು ನಿಂತಿತು. ವರ್ಷಗಟ್ಟಲೆ ದುಡಿದ ಆ ಮಿಷನ್ನು ಈಚೆಗೆ ಒಂದು ರಾತ್ರಿ ತಾನೇ ಗೊರಕೆ ಹೊಡೆಯಲು ಶುರುಮಾಡಿ, ವಾರದೊಳಗೆ ಕೈಕೊಟ್ಟಿತು.

ಹೊಸದು ಕೊಳ್ಳಬೇಕಾಯಿತಲ್ಲ, ಇನ್ನು ಸಲಹೆಗಾರರಿಗೆ ಬರವೇ?

ಮೊದಲ ಸಲಹೆ ಕ್ಯಾಲಿಫೋರ್ನಿಯಾದಿಂದ, ಅಳಿಯ ದೇವರದು. "ಮಾವ, ನೀವು ಅಲ್ಲಿ ಏನೂ ತಗೋಬೇಡಿ. ಇಲ್ಲಿ ಐದು ವರ್ಷಕ್ಕೊಮ್ಮೆ ಇನ್ಶೂರೆನ್ಸಿನವರೇ ಹೊಸದು ಕೊಡ್ತಾರೆ. ನನ್ನ ಫ್ರೆಂಡಿನ ಹಳೇದು ಸುಮ್ಮನೆ ಬಿದ್ದಿದೆ, ಸೂಟ್‌ಕೇಸಲ್ಲಿ ಹಾಕ್ಕೊಂಡು ಬರ್ತೀನಿ." ಅಲ್ಲಿಯ ಐದು ವರ್ಷದ ಲೆಕ್ಕ ನಿಜವೇ. ಅದರ ಜೊತೆಗಿರುವ ಇನ್ನೊಂದು ಲೆಕ್ಕವನ್ನು ಅಳಿಯ ಹೇಳುವುದಿಲ್ಲ. ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ನಿಯಮದಂತೆ ಮೊದಲ ಮೂರು ತಿಂಗಳೊಳಗೆ, ಸತತ ಮೂವತ್ತು ದಿನಗಳ ಒಂದು ಅವಧಿಯಲ್ಲಿ ನೂರಕ್ಕೆ ಎಪ್ಪತ್ತು ರಾತ್ರಿ ಕನಿಷ್ಠ ನಾಲ್ಕು ಗಂಟೆ ಮಾಸ್ಕ್ ಹಾಕಿಕೊಂಡಿದ್ದಕ್ಕೆ ಪುರಾವೆ ಬೇಕು. ಆ ಪುರಾವೆ ಕೊಡುವುದು ಮಿಷನ್ನೇ. ರೋಗಿ ಮಲಗಿದ್ದಾಗ ಹಾಜರಿ ಬರೆಯುವ ಗುಮಾಸ್ತ ಅದು.

ಇನ್ನು ಆ "ಸುಮ್ಮನೆ ಬಿದ್ದಿರುವ" ಮಿಷನ್ನು ಯಾಕೆ ಬಿದ್ದಿದೆ ಎಂದು ಮಾವನಾದರೂ ಕೇಳಬೇಡವೇ? 2021ರ ಜೂನ್ 14ರಂದು ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಉಸಿರಾಟದ ಮಿಷನ್ನುಗಳನ್ನು ವಾಪಸು ಕರೆಯಿತು. ಸದ್ದು ತಗ್ಗಿಸಲು ಒಳಗಿಟ್ಟ ಪಾಲಿಯುರೆಥೇನ್ ಸ್ಪಂಜು ಶಾಖಕ್ಕೆ, ತೇವಕ್ಕೆ ಪುಡಿಯಾಗಿ, ಮಲಗಿದವರ ಮೂಗಿನತ್ತ ಹೊರಡಬಹುದು ಎಂಬುದು ಕಾರಣ. ಹೆಂಡತಿಗೆ ನಿದ್ದೆ ಕೆಡದಿರಲಿ ಎಂದು ಇಟ್ಟ ಸ್ಪಂಜು ಗಂಡನ ಶ್ವಾಸಕೋಶಕ್ಕೆ ಹೋಗುವ ಏರ್ಪಾಡು. ದೊಡ್ಡ ಹಾನಿಯೇನೂ ಕಾಣುತ್ತಿಲ್ಲ ಎಂದು ಕಂಪನಿ ಆಮೇಲೆ ತನ್ನದೇ ಪರೀಕ್ಷೆಗಳನ್ನು ಮುಂದಿಟ್ಟಿತು. ಆದರೂ 2024ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ ನಿದ್ದೆ ಮಿಷನ್ನುಗಳ ಮಾರಾಟ ನಿಲ್ಲಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ತಪ್ಪು ಒಪ್ಪಿಕೊಳ್ಳದೆ, 110 ಕೋಟಿ ಡಾಲರಿಗೆ ಮೊಕದ್ದಮೆಗಳನ್ನು ಇತ್ಯರ್ಥ ಮಾಡಿಕೊಂಡಿತು. ತಪ್ಪೇ ಇಲ್ಲದೆ ಇಷ್ಟು ಕೊಡುವವರು ಪೇಟೆಯಲ್ಲಿ ಸಿಕ್ಕಿದ್ದರೆ ನಾವು ಅವರ ಹೆಸರಲ್ಲೊಂದು ಛತ್ರ ಕಟ್ಟಿಸುತ್ತಿದ್ದೆವು. ವಿಮಾನದಲ್ಲಿ ಬರುವ ಹಳೆಯ ಡಬ್ಬಿಯ ಸೀರಿಯಲ್ ನಂಬರನ್ನು ವಾಪಸು ಕರೆದ ಪಟ್ಟಿಯ ಜೊತೆ ತಾಳೆ ನೋಡಿ ಎಂದರೆ ಅಳಿಯಂದಿರಿಗೆ ಬೇಜಾರು. ಫಾರಿನ್ ವಸ್ತುವಿಗೆ ಜಾತಕ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಎರಡನೆಯ ಸಲಹೆ ಎಸ್.ಪಿ. ರೋಡಿನದು. ಸತ್ತದ್ದು ಎಂಬ ಮಾತನ್ನು ಆ ರಸ್ತೆ ಒಪ್ಪುವುದಿಲ್ಲ. ಅಲ್ಲಿನ ಮೋಟಾರ್ ರಿಪೇರಿಯವನು ಮಿಷನ್ನನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನಿಲ್ಲ ಅಣ್ಣ, ಬೇರಿಂಗ್ ಹೋಗಿದೆ, ಇದು ಬರೀ ಬ್ಲೋವರ್ರು" ಎಂದ. ಅವನಿಗೆ ಗೊತ್ತಿಲ್ಲದೆ ಇತಿಹಾಸ ಹೇಳಿಬಿಟ್ಟ. ಸಿಡ್ನಿಯ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಮೊದಲ ಮಿಷನ್ನು ಮಾಡಿದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಿಂದಲೇ. ಕಸ ಎಳೆಯುವುದನ್ನು ಗಾಳಿ ಊದುವುದಕ್ಕೆ ತಿರುಗಿಸಿದರು. ಐವರು ರೋಗಿಗಳ ಮೇಲೆ ಅದು ಕೆಲಸ ಮಾಡಿದ್ದನ್ನು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಮುಂಚೆ ತೀವ್ರ ಕಾಯಿಲೆಗೆ ಇದ್ದ ಮದ್ದು ಒಂದೇ, ಕುತ್ತಿಗೆಯಲ್ಲಿ ತೂತು ಕೊರೆಯುವುದು. ಆದರೆ ಆ ಕಥೆಯಲ್ಲಿ ಎಲ್ಲರೂ ಮರೆಯುವ ಭಾಗವೊಂದಿದೆ. ಮೋಟಾರು ಬೇಗ ಸಿಕ್ಕಿತು, ಸತಾಯಿಸಿದ್ದು ಮಾಸ್ಕು. ಒಬ್ಬೊಬ್ಬರ ಮೂಗಿನ ಅಚ್ಚು ತೆಗೆದು ಫೈಬರ್‌ಗ್ಲಾಸಿನಲ್ಲಿ ಮಾಸ್ಕ್ ಮಾಡಿ, ದಿನಾ ರಾತ್ರಿ ಸಿಲಿಕೋನ್ ಅಂಟು ಬಳಿದು ಮುಖಕ್ಕೆ ಮೆತ್ತಬೇಕಿತ್ತು.

ಮೂರನೆಯವನು ಮೆಡಿಕ್ಲೇಮ್ ಏಜೆಂಟು. ಪ್ರೀಮಿಯಮ್ ಕಟ್ಟಿಸಿಕೊಳ್ಳುವಾಗ "ಎಲ್ಲಾ ಕವರ್ ಆಗುತ್ತೆ ಸಾರ್" ಎಂದಿದ್ದವನು ಈಗ ಒಂದು ಪಟ್ಟಿ ತೋರಿಸಿದ. ಬೇರೆಯಾಗಿ ದುಡ್ಡು ಕೊಡಬೇಕಾಗಿಲ್ಲದ, ಚಿಕಿತ್ಸೆಯ ಖರ್ಚಿನಲ್ಲೇ ಸೇರಿಹೋದವೆಂದು ತಿಳಿಯಬೇಕಾದ ವಸ್ತುಗಳು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿರುವ ಪಟ್ಟಿ ಅದು. ಅದರಲ್ಲಿ ಸಿಪ್ಯಾಪ್ ಇದೆ, ಅದರ ದಾಯಾದಿ ಬೈಪ್ಯಾಪ್ ಇದೆ. ಅಕ್ಕಪಕ್ಕದಲ್ಲಿ ಮೂತ್ರದ ಚೀಲ, ಬಾಯಿ ಮುಕ್ಕಳಿಸುವ ಔಷಧಿ, ಚೀಪುವ ಗಂಟಲು ಮಾತ್ರೆ. ಗಂಟಲು ಕೆರೆದರೂ ಗಂಟಲು ಮುಚ್ಚಿ ಉಸಿರು ನಿಂತರೂ ಸರ್ಕಾರದ ದೃಷ್ಟಿಯಲ್ಲಿ ಒಂದೇ ಸಾಲು. ಆಸ್ಪತ್ರೆಯಲ್ಲಿ ಮಲಗಿದರೆ ಅದು ಬಿಲ್ಲಿನೊಳಗೆ ಕರಗುತ್ತದೆ, ಮನೆಯಲ್ಲಿ ಮಲಗಿದರೆ ಜೇಬಿನೊಳಗೆ. ತೆರಿಗೆಯದೂ ಇದೇ ಧೋರಣೆ. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಜೂನ್‌ನಲ್ಲಿ, ಬೈಪ್ಯಾಪ್ ಮಿಷನ್ನಿನ ಜಿಎಸ್‌ಟಿಯನ್ನು ಶೇ. 5ಕ್ಕೆ ಇಳಿಸಿ ಸೆಪ್ಟೆಂಬರ್ ಕೊನೆಯ ತನಕ ಎಂದು ಗಡುವು ಹಾಕಿದ್ದರು. ಅಕ್ಟೋಬರಿನಿಂದ ಉಸಿರಾಟ ಮತ್ತೆ ಐಷಾರಾಮಿ ಎಂದು ತಿಳಿದಿದ್ದರೋ ಏನೋ.

ನಾಲ್ಕನೆಯ ದಾರಿ ಸೆಕೆಂಡ್ ಹ್ಯಾಂಡ್. "ಸ್ವಲ್ಪವೇ ಬಳಸಿದ್ದು, ಹೊಸದರ ಹಾಗಿದೆ, ಅರ್ಧ ಬೆಲೆ" ಎಂಬ ಜಾಹೀರಾತುಗಳು ಬೆಂಗಳೂರಿನಲ್ಲಿ ಯಾವಾಗಲೂ ಇರುತ್ತವೆ. ಸ್ವಲ್ಪವೇ ಬಳಸಲು ಕಾರಣ ಎರಡೇ. ಒಂದೋ ಮಾಸ್ಕ್ ಒಗ್ಗದೆ ಬಿಸಾಡಿದರು, ಇಲ್ಲವೇ ಬಳಸುವವರು ಹೋದರು. ಎರಡರಲ್ಲಿ ಯಾವುದೆಂದು ಕೇಳುವುದು ಅಮಂಗಳ. ಹೋದವರಿಗೆ ಹೊಂದಿಸಿದ ಗಾಳಿಯ ಒತ್ತಡ ಮಾತ್ರ ಹಾಗೇ ಇರುತ್ತದೆ. ಮಿಷನ್ನು 4ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡ ಊದಬಲ್ಲದು. ಯಾರಿಗೆ ಎಷ್ಟು ಎಂಬುದನ್ನು ವೈದ್ಯರು ಹೇಳಬೇಕು. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಪೇಪರ್ ಓದಲು ಒಪ್ಪದವರು ಇನ್ನೊಬ್ಬರ ಒತ್ತಡದಲ್ಲಿ ಉಸಿರಾಡಲು ಚೌಕಾಸಿ ಮಾಡುತ್ತಾರೆ.

ಕೊನೆಗೆ ಯಜಮಾನರು ಪತ್ನೀಸಮೇತರಾಗಿ ಸರ್ಜಿಕಲ್ ಅಂಗಡಿಗೆ ಹೊರಟರು. ಸಾಕ್ಷಿಗೆ ನಾನೂ ಹೋದೆ. ಗಾಜಿನ ಮೇಜಿನ ಮೇಲೆ ಮೂರು ಮಿಷನ್ನು ಸಾಲಾಗಿದ್ದವು. ಬೆಲೆ ಮೂವತ್ತು ಚಿಲ್ಲರೆ ಸಾವಿರದಿಂದ ಹತ್ತಿರ ಹತ್ತಿರ ಎಂಬತ್ತು ಸಾವಿರ. ಹುಡುಗ ಶುರುಮಾಡಿದ.

"ಸಾರ್, ಇದು ಲೇಟೆಸ್ಟು. ಟಚ್ ಸ್ಕ್ರೀನು. ಬೆಳಿಗ್ಗೆ ಎದ್ದ ತಕ್ಷಣ ಮೊಬೈಲಿಗೆ ನೂರಕ್ಕೆ ಎಷ್ಟು ಮಾರ್ಕ್ಸು ಅಂತ ಬರುತ್ತೆ."

"ಎಸ್ಸೆಲ್ಸಿಯಲ್ಲಿ ಬರದೇ ಇದ್ದದ್ದು ಈಗ ಬರುತ್ತಾ?" ಎಂದರು ಯಜಮಾನರು. ಮುಖದಲ್ಲಿ ಆಸೆ ಇತ್ತು.

ಬಣ್ಣದ ವಿಚಾರ ಬಂತು. ವೈಫೈ ಬಂತು. ಕರೆಂಟು ಹೋದರೆ ಎಷ್ಟು ಗಂಟೆ ಎಂಬ ಮಾತೂ ಬಂತು. ನೀರು ಬಿಸಿ ಮಾಡುವ ಭಾಗವೇ ಹೆಚ್ಚು ಕರೆಂಟು ತಿನ್ನುವುದು, ಅದನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದು ಹುಡುಗ ಹೇಳಿದ ಒಂದೇ ಒಂದು ಉಪಯೋಗದ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಹಳೆಯ ಮಿಷನ್ನಿನ ಬೆನ್ನಲ್ಲಿ ಒಂದು ಎಸ್‌ಡಿ ಕಾರ್ಡ್ ಇತ್ತು. ಎಷ್ಟು ಒತ್ತಡ ಬೇಕಾಯಿತು, ಎಷ್ಟು ಗಾಳಿ ಸೋರಿತು, ಎಷ್ಟು ಸಲ ಉಸಿರು ನಿಂತಿತು ಎಂದು ರಾತ್ರಿ ರಾತ್ರಿಯ ಲೆಕ್ಕ ಅದರಲ್ಲಿತ್ತು. ಹೊಸದು ಯಾವುದು ಎಂದು ನಿರ್ಧರಿಸಲು ವೈದ್ಯರಿಗೆ ತೋರಿಸಬೇಕಾದ ಕಡತ ಅದೊಂದೇ. ಅಂಗಡಿ ಹುಡುಗ ಅದನ್ನು ಕೇಳಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ, ರಿಪೇರಿ ಗಿಟ್ಟಲ್ಲ ಎಂದು ಗೊತ್ತಾದ ದಿನವೇ ಮಗರಾಯ ಡಬ್ಬಿಯನ್ನು ಕಾರ್ಡಿನ ಸಮೇತ ಜಾಲಿ ಮೊಹಲ್ಲಾದ ಗುಜರಿಗೆ ತೂಕಕ್ಕೆ ಹಾಕಿ ಬಂದಿದ್ದ. ವ್ಯಾಪಾರಿ ಮನೆತನ, ಹಳೆಯ ಖಾತೆ ಪುಸ್ತಕ ಮೂರು ತಲೆಮಾರಿನದು ಅಟ್ಟದ ಮೇಲಿದೆ.

ಮಾಸ್ಕಿನ ಸರದಿ ಕೊನೆಗೆ ಬಂತು, ಬಟ್ಟೆಯ ಜೊತೆ ಬರುವ ಕೈಚೀಲದ ಹಾಗೆ. ಮೂಗಿನ ಹೊಳ್ಳೆಗೆ ಇಡುವುದು, ಮೂಗು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು, ಹೀಗೆ ಮೂರು ಬಗೆ. ಬಾಯಿ ತೆರೆದು ಮಲಗುವವರಿಗೆ ಒಂದು, ಮೀಸೆಯವರಿಗೆ ಒಂದು, ಮಗ್ಗುಲಾಗಿ ಮಲಗುವವರಿಗೆ ಮತ್ತೊಂದು ಹೊಂದುತ್ತದೆ. ಅಳತೆ ತಪ್ಪಿದರೆ ಗಾಳಿ ಕಣ್ಣಿಗೆ ನುಗ್ಗುತ್ತದೆ, ಮೂಗಿನ ಮೇಲ್ಭಾಗ ಹುಣ್ಣಾಗುತ್ತದೆ, ಮೂರನೇ ವಾರಕ್ಕೆ ಎಂಬತ್ತು ಸಾವಿರದ ಮಿಷನ್ನು ಮಂಚದ ಕೆಳಗೆ ಹೋಗುತ್ತದೆ. ಸಿಪ್ಯಾಪ್ ಬಿಟ್ಟವರಲ್ಲಿ ಮೋಟಾರು ಸರಿಯಿಲ್ಲ ಎಂದು ಬಿಟ್ಟವರನ್ನು ನಾನು ಕಂಡಿಲ್ಲ. ಹುಡುಗ ಯಜಮಾನರ ಮುಖವನ್ನು ಒಮ್ಮೆ ನೋಡಿ, "ಮೀಡಿಯಮ್ ಸಾಕು ಸಾರ್" ಎಂದ.

ಅಲ್ಲಿಯ ತನಕ ಸುಮ್ಮನಿದ್ದ ಅಮ್ಮಾವ್ರು ಮಾತಾಡಿದರು. "ಇಲ್ಲೇ ಒಂದರ್ಧ ಗಂಟೆ ಹಾಕ್ಕೊಂಡು ಮಲಗಿ ನೋಡಬಹುದಾಪ್ಪ?"

"ಆಗಲ್ಲ ಮೇಡಂ. ಬಾಕ್ಸ್ ಓಪನ್ ಆದ್ರೆ ರಿಟರ್ನ್ ಇಲ್ಲ. ಹೈಜೀನು."

ಯಜಮಾನರು ತಲೆಯಾಡಿಸಿದರು, ಸರಿ ಎಂಬಂತೆ. ಇವರ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿದೆ. ಗಿರಾಕಿ ಕೂತ ಕೂಡಲೇ ಕಾಫಿ. ಎಂಟುನೂರು ರೂಪಾಯಿಯ ಒಂದು ಸೀರೆಗೆ ನಲವತ್ತು ಸೀರೆ ಬಿಚ್ಚುತ್ತಾರೆ. ಸೆರಗು ಹೊದ್ದು ಕನ್ನಡಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಅತ್ತಿಗೆಗೆ ಫೋಟೋ ಕಳಿಸಿ, ಕೊನೆಗೆ ಬೇಡ ಎಂದೆದ್ದು ಹೋದರೂ ಇವರು ಮುಖ ಗಂಟಿಕ್ಕುವುದಿಲ್ಲ. ಪೇಟೆಯ ಧರ್ಮ ಅದು. ಅಂಥ ಮನುಷ್ಯ ತಾನು ಇನ್ನುಳಿದ ರಾತ್ರಿಗಳಲ್ಲೆಲ್ಲ ಮುಖಕ್ಕೆ ಕಟ್ಟಿಕೊಳ್ಳಬೇಕಾದ ವಸ್ತುವನ್ನು ಮುಟ್ಟದೆ, ಮುಚ್ಚಿದ ಡಬ್ಬಿಯಲ್ಲಿ, ಚೌಕಾಸಿಯಿಲ್ಲದೆ ಕೊಳ್ಳಲು ಕೈ ಜೇಬಿಗೆ ಹಾಕಿದರು. ಔಷಧಿ ಅಂಗಡಿಯ ವಾಸನೆಗೆ ನಮ್ಮ ವ್ಯಾಪಾರಬುದ್ಧಿ ಯಾಕೆ ಹೀಗೆ ಮಂಪರುಗಟ್ಟುತ್ತದೋ!

ನೋಡಿ, ಈ ಕಾಯಿಲೆಯನ್ನು ಮೊದಲು ಕಂಡವರು ಆ ಅಮ್ಮಾವ್ರು. ಗೊರಕೆ ನಿಂತಾಗ ಎದ್ದು ಕೂತು, ಮತ್ತೆ ಶುರುವಾದಾಗ ಮಲಗಿದವರು. ಆಸ್ಪತ್ರೆಯ ವೈರುಗಳು ಒಂದು ರಾತ್ರಿ ಎಣಿಸಿದ್ದನ್ನು ಅವರು ಸಂಸಾರದುದ್ದಕ್ಕೂ ಎಣಿಸಿದ್ದಾರೆ. ಅಳಿಯ, ಏಜೆಂಟು, ರಿಪೇರಿಯವನು ಎಲ್ಲರೂ ಕೂತ ಸಮಿತಿಯಲ್ಲಿ ಅವರಿಗೆ ಕಾಫಿ ತರುವ ಕೆಲಸವಿತ್ತು. ಇಡೀ ವ್ಯವಹಾರದಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರೂ ಅವರೊಬ್ಬರೇ.

ಅಂದು ವ್ಯಾಪಾರ ಕುದುರಲಿಲ್ಲ. ಅಮ್ಮಾವ್ರು ಗಂಡನ ಕೈಯನ್ನು ಜೇಬಿನಿಂದ ಹೊರಗೆ ತೆಗೆಸಿದರು. ಮಾಸ್ಕ್ ಹಾಕಿ ಮಲಗಿಸಿ ನೋಡುವ, ಒಂದು ವಾರ ಬಾಡಿಗೆಗೆ ಕೊಡುವ ಅಂಗಡಿ ಎಲ್ಲಿದೆಯೋ ಅಲ್ಲಿ ಕೊಳ್ಳುವುದು, ಅದಕ್ಕೆ ಮುಂಚೆ ನಿದ್ದೆಯ ವೈದ್ಯರಿಂದ ಈಗಿನ ತೂಕಕ್ಕೆ ಈಗಿನ ಒತ್ತಡ ಬರೆಸಿಕೊಳ್ಳುವುದು ಎಂದು ತೀರ್ಪಾಯಿತು. ಹುಡುಗ ಬೇಸರದಿಂದ, "ಇಷ್ಟೆಲ್ಲಾ ನೋಡಿ ಏನೂ ತಗೊಳ್ಳದೆ ಹೋಗ್ತಿದ್ದೀರಲ್ಲ ಮೇಡಂ" ಎಂದ. ಅಮ್ಮಾವ್ರು ಚಪ್ಪಲಿ ಮೆಟ್ಟುತ್ತಾ ಹೇಳಿದರು: "ನಮ್ಮಂಗಡೀಲಿ ದಿನಾ ಹೀಗೇ ಮಾಡ್ತಾರಪ್ಪ. ನೀನೂ ಅಭ್ಯಾಸ ಮಾಡ್ಕೋ."