ಬಾಯಮ್ಮನ ಇಗರ್ಜಿ ಪುಸ್ತಕ

ಬೇಲಿಯಾಚೆಯ ನೆರೆಯವರೊಡನೆ ಹರಟೆ ಹೊಡೆಯೋಣವೆಂದರೆ, ಮುಂಬಯಿಯ ಸಯನ್‌ನಲ್ಲಿ ಬೇಲಿ ಎಲ್ಲಿಂದ ಬರಬೇಕು ಹೇಳಿ. ನಮ್ಮ ಗ್ಯಾಲರಿಗೂ ಪಕ್ಕದ ಗ್ಯಾಲರಿಗೂ ನಡುವೆ ಒಂದು ಮೋಟುಗೋಡೆಯಿದೆ, ಹರಟೆಗೆ ಅದೇ ಸಾಕು. ಆಚೆಗೆ ಇರುವವರು ಮಂಗಳೂರು ಕಡೆಯ ಬಾಯಮ್ಮ. ಊರಿನ ಇಗರ್ಜಿಯ ಹಳೇ ಜ್ಞಾನಸ್ನಾನದ ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದಾರೆ. "ನೋಡಿ ಮಾರಾಯ್ರೆ, ನನ್ನ ಅಜ್ಜನ ಅಪ್ಪ ಲಾಜರಸ್ ಇದರಲ್ಲಿ ಇರಲೇಬೇಕು" ಅಂದರು.

ಇಂಥ ಪುಸ್ತಕಗಳಿಗೆ ದೊಡ್ಡ ಚರಿತ್ರೆಯೇ ಇದೆ. 1563ರಲ್ಲಿ ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ಮದುವೆ, ಜ್ಞಾನಸ್ನಾನಗಳನ್ನು ಬರೆದಿಡಬೇಕೆಂದು ಕಟ್ಟಳೆ ಮಾಡಿತು. 1614ರ ವಿಧಿಗ್ರಂಥ ಮರಣದ ಪುಸ್ತಕವನ್ನೂ ಸೇರಿಸಿತು. ಆದರೆ 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹೆಚ್ಚಿನ ಇಗರ್ಜಿಗಳೇ ನೆಲಸಮವಾದವು. ಇನ್ನು ಪುಸ್ತಕಗಳ ಪಾಡೇನು? ಉಳಿದವರು ಮರಳಿದ್ದು 1799ರ ನಂತರ. ಅದಕ್ಕೇ ಆಮೇಲಿನ ಒಂದೊಂದು ಪುಟಕ್ಕೂ ಅಷ್ಟು ಬೆಲೆ.

ಬರೆದ ಕೈಗಳೂ ಒಂದೇ ಬಗೆಯವಲ್ಲ. ಮೊದಲು ಗೋವೆಯ ಪಾದ್ರಿಗಳು, ಪೋರ್ಚುಗೀಸ್ ರೂಢಿಯ ಅಕ್ಷರ. 1878ರ ಕೊನೆಗೆ ಇಟಲಿಯ ಜೆಸ್ವಿತರು ಬಂದರು, ಅವರದು ಬೇರೆಯೇ ಓರೆ. ಎಲ್ಲರಿಗೂ ಕಾಗದ ಉಳಿಸುವ ಆಸೆ, ಅದಕ್ಕೇ ಹೆಸರುಗಳನ್ನು ಮೊಟಕು ಮಾಡುತ್ತಾರೆ. ರೊಡ್ರಿಗಸ್ 'ರೊಯ್ಜ್' ಆಗುತ್ತದೆ. 'ಎಂ' ಬರೆದು ಅದರ ತಲೆಯ ಮೇಲೊಂದು ಪುಟ್ಟ 'ಎ' ಇಟ್ಟರೆ ಅದೇ ಮರಿಯಾ. '7ಬ್ರಿಸ್' ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. ಮಾರ್ಚಿನಿಂದ ತಿಂಗಳೆಣಿಸುತ್ತಿದ್ದ ಹಳೇ ರೋಮಿನ ಲೆಕ್ಕ ಅದು. ಹಾಗೆಯೇ 8 ಇದ್ದರೆ ಅಕ್ಟೋಬರ್. ಇದು ಗೊತ್ತಿಲ್ಲದಿದ್ದರೆ ಮಗು ಎರಡು ತಿಂಗಳು ಮೊದಲೇ ಹುಟ್ಟಿಬಿಡುತ್ತದೆ!

ಬಾಯಮ್ಮ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಗೋ, ಲಾಜರಸ್!"

"ತಡೀರಿ ಬಾಯಮ್ಮ, ಮೊದಲು ಪಾದ್ರಿಯ ಕೈಯ ಪರಿಚಯ ಆಗಲಿ" ಅಂದೆ. ಪ್ರತಿ ದಾಖಲೆಯೂ ಒಂದೇ ಅಚ್ಚು: ದಿನ, ಪಾದ್ರಿಯ ಹೆಸರು, ಮಗು, ತಂದೆತಾಯಿ, ಕೊನೆಗೆ ಜ್ಞಾನತಂದೆ, ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್). ನಡುವೆ 'ಬಾಪ್ತಿಜಾವಿ', ಅಂದರೆ 'ಸ್ನಾನ ಕೊಟ್ಟೆನು', ಎಂಬ ಲ್ಯಾಟಿನ್ ಮಾತು ತಪ್ಪದೆ ಬರುತ್ತದೆ. ಗೊತ್ತಿರುವ ಆ ಮಾತಿನಿಂದಲೇ ಗೊತ್ತಿಲ್ಲದ ಅಕ್ಷರಗಳನ್ನು ಕಲಿಯಬೇಕು. ಆ ಮಾತಿನಲ್ಲಿ ಈ ಪಾದ್ರಿಯ 'ಜೆಡ್' ಗೆರೆಯ ಕೆಳಗೆ ಬಾಲ ಇಳಿಬಿಡುತ್ತದೆ. ಬಾಯಮ್ಮ ತೋರಿಸಿದ ಹೆಸರಿನ ಮೂರನೇ ಅಕ್ಷರಕ್ಕೆ ಬಾಲವೇ ಇಲ್ಲ, ಅದು 'ಯು'. ಮಗು ಲಾಜರಸ್ ಅಲ್ಲ, ಲಾವ್ರೆಂತಿಯುಸ್. ಮನೆಯಲ್ಲಿ ಕರೆಯುವಾಗ ಲೊರೆನ್ಸ್.

ಬಾಯಮ್ಮನ ಮುಖ ಸಣ್ಣದಾಯಿತು. ಆದರೆ ಬೇಕಾದ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಎಲ್ಲಿ ನೋಡಿದರೂ ಅದೇ ಕಾಣುತ್ತದೆ, ಯಾರದೋ ಅಜ್ಜ ನಮ್ಮ ಅಜ್ಜನಾಗುತ್ತಾನೆ. ಇದ್ದದ್ದನ್ನು ಇದ್ದ ಹಾಗೆ ಓದುವುದು ಸತ್ತವರಿಗೆ ನಾವು ತೋರಿಸಬೇಕಾದ ಮರ್ಯಾದೆ. ಸಾಹುಕಾರನ ಮಗನಿಗೂ ಒಕ್ಕಲಿನವನ ಮಗಳಿಗೂ ಆ ಪುಸ್ತಕ ಕೊಟ್ಟದ್ದು ಅದೇ ನಾಲ್ಕು ಸಾಲು. ಎಷ್ಟೋ ಜನರ ಹೆಸರು ಭೂಮಿಯ ಮೇಲೆ ಬೇರೆಲ್ಲೂ ಉಳಿದಿಲ್ಲ.

ಮುಂದಿನ ಪುಟಗಳಲ್ಲಿ ಬಾಲವಿರುವ 'ಜೆಡ್'ನ ಲಾಜರಸ್ ಒಬ್ಬ ಸಿಕ್ಕಿದ, ಮಗುವಾಗಿ ಅಲ್ಲ, ಬೇರೊಂದು ಮಗುವಿನ ಜ್ಞಾನತಂದೆಯಾಗಿ. ಜ್ಞಾನತಂದೆಯರ ಸಾಲನ್ನು ಯಾರೂ ಬಿಡಬಾರದು. ನೆಂಟಸ್ತಿಕೆಯ ಜಾಡು ಅಲ್ಲೇ ಇರುತ್ತದೆ. ಅವನೇ ನಮ್ಮ ಲಾಜರಸ್ಸೋ ಎಂಬುದನ್ನು ಇನ್ನು ಆ ಮಗುವಿನ ಮನೆತನ ಹಿಡಿದು ನೋಡಬೇಕು.

ಆದರೆ ತಡ ಮಾಡುವಂತಿಲ್ಲ: ಆ ಕಾಲದ ಕಬ್ಬಿಣದ ಅಂಶವಿರುವ ಶಾಯಿ ಕಾಗದವನ್ನೇ ತಿನ್ನುತ್ತದೆ. ಮಳೆಗಾಲದ ತೇವ, ಬೆಳ್ಳಿಹುಳ ಬೇರೆ. ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಮರಾಠಿಯ ಹಳೇ ಮೋಡಿ ಲಿಪಿಯ ಕಾಗದಗಳಿಗೂ ಇದೇ ಗತಿ, ಮೇಲಾಗಿ ಕಾಗದ ಉಳಿದಿದ್ದರೂ ಓದುವವರು ವಿರಳ. ನಿಮ್ಮಲ್ಲೂ ಇಂಥ ಕಾಗದ ಇದ್ದರೆ ಮೊದಲು ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದಿಡಿ, ಆಮೇಲೆ ಓದಬಲ್ಲ ಹಿರಿಯರ ಹತ್ತಿರ ಹೋಗಿ. ಓದಿಸಿಕೊಂಡು ಬಂದರಷ್ಟೇ ಸಾಲದು, ಓದುವುದನ್ನೂ ಕಲಿತು ಬನ್ನಿ.