ಜಲಸ್ಕೂಟರ್ ಜೀರ್ಣೋದ್ಧಾರ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ನಾಲ್ಕು ಸಂಗತಿ ಇತ್ಯರ್ಥ ಮಾಡಿಕೊಳ್ಳಬೇಕು ಎಂಬುದು ಹಿರಿಯರ ಕಟ್ಟಳೆ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಕೈಯಲ್ಲಿ ಸ್ಪ್ಯಾನರ್ ಇದ್ದು ಜೇಬಿನಲ್ಲಿ ಕಾಸಿಲ್ಲದ, ಭಾನುವಾರ ಸುಮ್ಮನೆ ಕೂರಲಾರದ ಗೃಹಸ್ಥ. ವಿಷಯ: ಕಡಲ ತೀರದಲ್ಲಿ ಪ್ರವಾಸಿಗರನ್ನು ಹೊತ್ತು ಹೊತ್ತು ಹಣ್ಣಾಗಿ, ಕೊನೆಗೆ ಗುಜರಿ ಬೆಲೆಗೆ ಬಿಕರಿಯಾದ ಹಳೇ ಜಲಸ್ಕೂಟರ್. ಸಂಬಂಧ: ಅದು ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯ ಕೊಟ್ಟಿಗೆಯೊಳಗೆ ಬಂದ ದಿನದಿಂದ ಹಸು ಹೊರಗೆ ನಿಂತಿರುವುದು. ಪ್ರಯೋಜನ: ಮೋಜು. ಇಲ್ಲಿ ಮೋಕ್ಷ ಎಂದು ಬರೆದಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಮೋಜು ಎಂದದ್ದಕ್ಕೆ ಊರೆಲ್ಲ ಲೆಕ್ಕ ಕೇಳಿತು.

ಲಕ್ಷಣ ಹೇಳದೆ ಮುಂದೆ ಹೋಗುವಂತಿಲ್ಲ. ‘ಒಬ್ಬನು ಮೇಲೆ ಕೂತು, ತಾನೇ ನಡೆಸಿಕೊಂಡು, ನೀರಿನ ಮೇಲೆ ಹೋಗುವ ಸಾಧನ’ ಎಂದರೆ ಅತಿವ್ಯಾಪ್ತಿ ದೋಷ ಬರುತ್ತದೆ. ಮಳೆಯಾದ ವರ್ಷ ಕೆರೆಗಿಳಿದ ಎಮ್ಮೆಯ ಬೆನ್ನೇರಿ ಹುಡುಗರು ಆಚೆ ದಡ ಮುಟ್ಟುವುದುಂಟು. ಎಮ್ಮೆ ಈ ಲಕ್ಷಣದೊಳಗೆ ಬಾಲಸಮೇತ ಕೂರುತ್ತದೆ, ಮೇಲಾಗಿ ಸಂಜೆ ಹಾಲು ಕೊಡುತ್ತದೆ. ಎಮ್ಮೆಯನ್ನು ಹೊರಗಟ್ಟಲು ‘ಇಂಜಿನ್ ಉಳ್ಳ’ ಎಂದು ಸೇರಿಸಿದರೆ ಅವ್ಯಾಪ್ತಿ. ಇದೇ ಕುಲದ ಹಿರಿಯ, ಪಾಪದ ಹರಿಗೋಲೂ ಹೊರಗೆ ಬೀಳುತ್ತದೆ. ಹರಿಗೋಲು ಸಣ್ಣ ಕುಳವಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯಿಸ್, ಆನೆಗೊಂದಿ ಕಡವಿನಲ್ಲಿ ತೊಗಲು ಹೊದಿಸಿದ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಯುತ್ತವೆ, ಆದರೆ ನೇರ ಹೋಗದೆ ಗಿರಗಿರ ಸುತ್ತುತ್ತವೆ ಎಂಬುದು ಅವನ ತಕರಾರು. ಮೂರನೆಯದು ಅಸಂಭವ ದೋಷ. ಲಕ್ಷಣದಲ್ಲಿ ‘ನೀರಿನ ಮೇಲೆ’ ಎಂದಿದೆ. ಮುದ್ದೇನಹಳ್ಳಿಯಲ್ಲಿ ಅದು ಹೇಗೆ? ಈ ಒಂದು ದೋಷದ ಪರಿಹಾರಕ್ಕೇ ಉಳಿದ ಗ್ರಂಥವೆಲ್ಲ ಮೀಸಲು.

ಭೂಗೋಳ ಪ್ರಕರಣಕ್ಕೆ ಬರೋಣ. ಈ ಸೀಮೆಗೆ ನದಿಯಿಲ್ಲ ಎನ್ನುವವರು ಅರ್ಧ ಓದಿದವರು. ನಂದಿಬೆಟ್ಟದ ಸಾಲು ಹೆತ್ತಷ್ಟು ನದಿಗಳನ್ನು ಮಲೆನಾಡಿನ ಎಷ್ಟೋ ಬೆಟ್ಟಗಳು ಹೆತ್ತಿಲ್ಲ. ಉತ್ತರ ಪಿನಾಕಿನಿ ಇಲ್ಲಿ ಹುಟ್ಟಿ ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಕಡೆ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿಗೆ. ಚಿತ್ರಾವತಿ ಪುಟ್ಟಪರ್ತಿಗೆ. ಪಾಪಾಘ್ನಿ ಕಡಪದ ಕಡೆಗೆ. ಅರ್ಕಾವತಿ ಕನಕಪುರದ ಸಂಗಮಕ್ಕೆ. ತವರಿನಲ್ಲಿ ಒಂದೂ ನಿಲ್ಲಲಿಲ್ಲ. ಹೆತ್ತು ಹೆತ್ತು ಎಲ್ಲವನ್ನೂ ಪರಸ್ಥಳಕ್ಕೆ ಕಳಿಸಿಕೊಟ್ಟು, ತಾನು ಮಾತ್ರ ಟ್ಯಾಂಕರಿಗೆ ಕಾಯುತ್ತ ಕೂತ ಜಿಲ್ಲೆ ಇದು.

ಈ ಸೂತ್ರಕ್ಕೆ ಮಾನವ ಉದಾಹರಣೆಯೂ ಇದೇ ಊರಲ್ಲಿದೆ. 1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಸಿಂಧ್ ಪ್ರಾಂತದ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು. ಪುಣೆಯ ಖಡಕ್‌ವಾಸ್ಲಾ ಕಟ್ಟೆಗೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲು ಕೂರಿಸಿದರು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ಹೋಗಿ ಉಪಾಯ ಹೇಳಿದರು. ಮಂಡ್ಯದವರಿಗೆ ಕನ್ನಂಬಾಡಿ. ಏಡನ್ ಬಂದರಿಗೂ ನೀರಿನ ಯೋಜನೆ ಮಾಡಿಕೊಟ್ಟ ಮಹನೀಯರ ಸ್ವಂತ ಊರಿಗೆ ಮಾತ್ರ ಹರಿಯುವ ನೀರೇ ಇರಲಿಲ್ಲ, ಇದ್ದಿದ್ದರೆ ಅವರು ಅದನ್ನೂ ಬಿಡುತ್ತಿರಲಿಲ್ಲ. 1962ರಲ್ಲಿ ತೀರಿಕೊಂಡ ಮೇಲೆ ಸಮಾಧಿಗೆ ಊರಿಗೇ ಬಂದರು. ನದಿಗಳಿಗೆ ಆ ಬುದ್ಧಿಯೂ ಬರಲಿಲ್ಲ.

ಇನ್ನು ಯಂತ್ರ ಪ್ರಕರಣ. 1973ರಲ್ಲಿ ಜಪಾನಿನ ಕವಾಸಾಕಿ ಕಂಪನಿ ಜೆಟ್ ಸ್ಕೀ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ ಜಲಸ್ಕೂಟರ್ ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ಸುಮಾರು 398 ಸಿಸಿ. ನಮ್ಮ ಯಮಹಾ ಆರ್‌ಎಕ್ಸ್ 100 ಇದೆಯಲ್ಲ, ಅದು 98 ಸಿಸಿ. ನಾಲ್ಕು ಆರ್‌ಎಕ್ಸ್ ಸೇರಿಸಿದರೆ 392. ಉಳಿದ 6 ಸಿಸಿಯನ್ನು ಭಕ್ತಿಯಿಂದ ತುಂಬಿಕೊಳ್ಳಬಹುದು ಎಂದು ಚಿಕ್ಕಬಳ್ಳಾಪುರದ ಟೂ-ಸ್ಟ್ರೋಕ್ ಸಂಪ್ರದಾಯದ ಮೆಕ್ಯಾನಿಕ್ ಆಚಾರ್ಯರು ಅಭಿಪ್ರಾಯಪಟ್ಟರು. ಇದು ಸುಮ್ಮನೆ ಬಂದ ಧೈರ್ಯವಲ್ಲ. 1996ಕ್ಕೇ ತಯಾರಿಕೆ ನಿಂತ ಬೈಕನ್ನು ಇವತ್ತಿಗೂ ಸದ್ದು ಕೆಡದಂತೆ ಓಡಿಸುತ್ತಿರುವ ಪರಂಪರೆ ಅದು. ಪಿಸ್ಟನ್ ರಿಂಗು, ರೀಡ್ ವಾಲ್ವು, ಕ್ರ್ಯಾಂಕ್ ಸೀಲು ಯಾವುದೂ ಅವರಿಗೆ ಹೊಸದಲ್ಲ. ಕೊಟ್ಟಿಗೆಯ ಯಂತ್ರವನ್ನು ಸುತ್ತು ಹಾಕಿ ನೋಡಿ ಅವರು ಎತ್ತಿದ ಶಂಕೆ ಒಂದೇ: “ಸಾರ್, ಇದಕ್ಕೆ ಬ್ರೇಕ್ ಎಲ್ಲಿ?”

ಬ್ರೇಕ್ ಇಲ್ಲ. ತಳದ ಬಾಯಿಯಿಂದ ನೀರನ್ನು ಒಳಗೆಳೆದು ಹಿಂದಿನ ಮೂತಿಯಿಂದ ರಭಸವಾಗಿ ಉಗುಳುವುದು, ಆ ಒದೆತಕ್ಕೆ ಮುಂದೆ ಹೋಗುವುದು, ಇಷ್ಟೇ ಇದರ ವಿದ್ಯೆ. ತಿರುಗುವುದೂ ಆ ಮೂತಿಯನ್ನು ಅತ್ತಿತ್ತ ತಿರುಗಿಸಿಯೇ. ಆದ್ದರಿಂದ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟವನ ಕೈಯಲ್ಲಿ ಹ್ಯಾಂಡಲ್ ತಿರುಗುತ್ತದೆ, ವಾಹನ ತಿರುಗುವುದಿಲ್ಲ. ಎದುರಿಗೆ ಕಲ್ಲು ಕಂಡರೆ ಇನ್ನಷ್ಟು ವೇಗ ಕೊಡಬೇಕು ಎಂಬ ಈ ತತ್ತ್ವ ಹೆದ್ದಾರಿ 44ರ ಕೆಲವು ಚಾಲಕರಿಗೆ ಮೊದಲೇ ಸಿದ್ಧಿಸಿದೆ.

ಕಾರ್ಬುರೇಟರ್ ಬಿಚ್ಚಿದಾಗ ದೊಡ್ಡ ತತ್ತ್ವಚರ್ಚೆಯೇ ಎದ್ದಿತು. ಬೈಕಿನ ಕಾರ್ಬುರೇಟರಿನಲ್ಲಿ ಒಂದು ತೇಲುಬುರುಡೆ ಇರುತ್ತದೆ; ಪೆಟ್ರೋಲ್ ಮಟ್ಟ ಏರಿದರೆ ಬುರುಡೆ ತೇಲಿ ಸೂಜಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಮಟ್ಟವೇ ಬಾಗಿಲಿನ ಕಾವಲುಗಾರ. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲೂ ಮಟ್ಟದ ಮಾತನ್ನೇ ಕೇಳುವಂಥದ್ದು, ಹಾಗಾಗಿ ಪ್ರತಿ ಆರ್‌ಎಕ್ಸ್‌ನ ಹೊಟ್ಟೆಯಲ್ಲಿ ಒಬ್ಬ ಪುಟ್ಟ ವಿಶ್ವೇಶ್ವರಯ್ಯ ಇದ್ದಾರೆ ಎಂದು ಈ ಗ್ರಂಥಕಾರ ಅಲ್ಲಿಯೇ ಭಾಷ್ಯ ಬರೆದ. ಆಚಾರ್ಯರು ಜಲಸ್ಕೂಟರಿನ ಕಾರ್ಬುರೇಟರಿಗೆ ಸೀಮೆಎಣ್ಣೆ ಹಾಕಿ ಉಜ್ಜಿ, ಎರಡು ತಿರುಪು ಬಿಚ್ಚಿ, ಅಂಗೈ ಮೇಲೆ ಬೋರಲು ಹಾಕಿ ತಟ್ಟಿದರು. ಏನೂ ಬೀಳಲಿಲ್ಲ. ಮತ್ತೆ ತಟ್ಟಿದರು. ಕೊನೆಗೆ ಕಿರುಬೆರಳು ತೂರಿಸಿ ಹುಡುಕಿ, “ಫ್ಲೋಟೇ ಇಲ್ಲವಲ್ಲ ಸಾರ್, ಯಾರೋ ಎತ್ತಿಕೊಂಡವ್ರೆ” ಎಂದರು. ಎತ್ತಿಕೊಂಡಿರಲಿಲ್ಲ. ಅಲೆಯ ಮೇಲೆ ವಾಲುವ, ಮಗುಚುವ ವಾಹನದಲ್ಲಿ ಮಟ್ಟ ಎಂಬುದೇ ಮಿಥ್ಯೆ. ಆದ್ದರಿಂದ ಬುರುಡೆಯ ಬದಲು ತೆಳ್ಳಗಿನ ರಬ್ಬರ್ ಪೊರೆಯೊಂದು ಒತ್ತಡ ನೋಡಿಕೊಂಡು ಪೆಟ್ರೋಲ್ ಬಿಡುತ್ತದೆ. ಅದು ವರ್ಷಗಟ್ಟಲೆ ಕೂತು ಸೆಟೆದು ಹಪ್ಪಳವಾಗಿತ್ತು. ಹಪ್ಪಳದ ಬೆಲೆ ಕೇಳಿದ ಮೇಲೆ ಗ್ರಂಥರಚನೆ ಕೆಲವು ತಿಂಗಳು ಸ್ಥಗಿತಗೊಂಡಿತು.

ಪೆಟ್ರೋಲ್ ತೊಟ್ಟಿಯ ಸಂಗತಿ ಇನ್ನೂ ಸೋಜಿಗದ್ದು. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ್ದು ಹೆಚ್ಚಾದರೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಬಿಚ್ಚಿ ನೋಡಿದರೆ ತಳದಲ್ಲಿ ನೀರು! ಈ ಇಡೀ ಪ್ರಯೋಗದಲ್ಲಿ ಯಾರನ್ನೂ ಕೇಳದೆ, ಅರ್ಜಿ ಹಾಕದೆ, ತಾನಾಗಿ ಒದಗಿಬಂದ ನೀರು ಅದೊಂದೇ.

ಲೆಕ್ಕಪತ್ರ ಪ್ರಕರಣವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಓದಿಗೆ ಸ್ವಂತದ್ದು ಎಂದು ವಿಶ್ವೇಶ್ವರಯ್ಯನವರ ಬಗ್ಗೆ ಶಾಲೆಯಲ್ಲಿ ಹೇಳುವ ಕಥೆ ಎಲ್ಲರಿಗೂ ಗೊತ್ತು. ಅದೇ ಮಾದರಿಯಲ್ಲಿ ಮನೆಖರ್ಚಿನ ಡಬ್ಬಿ ಒಂದು, ಯಂತ್ರಖರ್ಚಿನ ಡಬ್ಬಿ ಒಂದು ಇಡಲಾಗಿತ್ತು. ಎರಡನೆಯದರಿಂದ ಮೊದಲನೆಯದಕ್ಕೆ ಎಂದೂ ಹಣ ಹೋಗಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಹೊರಮೈ ಬಿರುಕಿಗೆ ಫೈಬರ್ ಚಾಪೆ ಮತ್ತು ರಾಳ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೀಲು, ಶಿವಾಜಿನಗರದ ಗುಜರಿಯಿಂದ ಬೇರಿಂಗು. ಉಪ್ಪುನೀರು ತಿಂದ ಬೋಲ್ಟುಗಳು ಮಾತ್ರ ಬಿಚ್ಚುವ ಬದಲು ಮುರಿದವು.

ಈಗ ಪರೀಕ್ಷೆ. ಈ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ತಾನು ತೇಲುವ ನೀರನ್ನೇ ಒಳಗೆ ಹರಿಸಿ ತಣ್ಣಗಾಗುತ್ತದೆ. ಒಣನೆಲದಲ್ಲಿ ಕೆಲವು ಸೆಕೆಂಡಿಗಿಂತ ಹೆಚ್ಚು ಓಡಿಸಿದರೆ ಸುಟ್ಟುಕೊಳ್ಳುತ್ತದೆ. ನಲ್ಲಿಗೆ ಪೈಪು ಜೋಡಿಸಬಹುದು, ಅದಕ್ಕೊಂದು ಸೂತ್ರವಿದೆ: ಹೊರಡುವಾಗ ಮೊದಲು ಇಂಜಿನ್, ಆಮೇಲೆ ನೀರು, ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ತಪ್ಪಿದರೆ ಹೊಗೆಕೊಳವೆಯಿಂದ ನೀರು ಸಿಲಿಂಡರಿಗೆ ನುಗ್ಗುತ್ತದೆ. ಸೂತ್ರ ಸರಿಯಾಗಿಯೇ ಇದೆ, ಆದರೆ ನಲ್ಲಿಯಲ್ಲಿ ನೀರು ಬರುವ ಮುಹೂರ್ತ ಯಾವ ಸೂತ್ರಕ್ಕೂ ಸಿಕ್ಕುವುದಿಲ್ಲ. ಬಂದ ಬೆಳಗ್ಗೆ ಕೊಡಗಳ ಸಾಲಿನ ನಡುವೆ ಪೈಪು ಹಿಡಿದು ನಿಂತರೆ ಅಜ್ಜಿಯೊಬ್ಬರು ಕೇಳಿದ್ದು ತೆಲುಗಿನಲ್ಲಿ, “ದೀನಿಕಿ ಕೂಡಾ ದಾಹಮಾ ನಾಯ್ನಾ?” ಇದಕ್ಕೂ ಬಾಯಾರಿಕೆಯೇ ಮಗನೇ? ವಾದದಲ್ಲಿ ಇದಕ್ಕೆ ನಿರುತ್ತರ ಎಂದು ಹೆಸರು. ಪೈಪು ಸುತ್ತಿ ಇಡಲಾಯಿತು.

ನೀರಿನ ಶೋಧ ಪ್ರಕರಣವೇ ಗ್ರಂಥದ ತಿರುಳು. ಮೊದಲನೇ ಪಕ್ಷ ಕೊಳವೆಬಾವಿವಾದಿಗಳದು. ಜಿಲ್ಲೆಯಲ್ಲಿ ನೀರಿದೆ, ಸಾವಿರ ಅಡಿ ದಾಟಿ ಕೊರೆದರೆ ಸಿಗುತ್ತದೆ ಎನ್ನುತ್ತಾರೆ. ನಿಜ. ಆಳಕ್ಕೆ ಬರವಿಲ್ಲ. ಆದರೆ ಕೊಳವೆಯ ಅಗಲ ಆರೂವರೆ ಇಂಚು. ಅದರೊಳಗೆ ಯಂತ್ರ ಇಳಿಯುವುದಿಲ್ಲ, ಸವಾರನಂತೂ ಇಳಿಯಕೂಡದು. ಎರಡನೆಯವರು ಹೆಬ್ಬಾಳ-ನಾಗವಾರ ಕಣಿವೆ ಪಂಥದವರು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಗೊಳಿಸಿ ಈ ಕಡೆಯ ಕೆರೆಗಳಿಗೆ ಏರಿಸುವ ಯೋಜನೆ ಅದು. ಕಂದವಾರ ಕೆರೆ ತುಂಬಿದ್ದು ಹಾಗೆ. ನಾವು ಅರ್ಕಾವತಿಯನ್ನು ತಿಪ್ಪಗೊಂಡನಹಳ್ಳಿಯ ದಾರಿಯಾಗಿ ರಾಜಧಾನಿಗೆ ಕಳಿಸಿದೆವು, ರಾಜಧಾನಿ ಸ್ನಾನ ಮುಗಿಸಿ ಉಳಿದದ್ದನ್ನು ಮರಳಿ ಕಳಿಸಿತು. ಸಾಲ ತೀರಿಸುವ ಈ ಕ್ರಮ ಅರ್ಥಶಾಸ್ತ್ರದಲ್ಲಿ ಇಲ್ಲ. ಅಂತರ್ಜಲ ಏರಿದೆ ಎಂಬುದು ಒಂದು ವಾದ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂಬುದು ರೈತರ ಬೇಡಿಕೆ. ನನಗೆ ರೈತರ ಮಾತೇ ಸರಿಯೆನಿಸುತ್ತದೆ, ಅದೂ ವೈಯಕ್ತಿಕ ಕಾರಣಕ್ಕೆ: ಜಲಸ್ಕೂಟರಿನ ಸವಾರನಿಗೆ ನೀರು ಮುಖಕ್ಕೇ ರಾಚುತ್ತದೆ, ಮೋಜಿನಲ್ಲಿ ಬಾಯಿ ತೆರೆದಿರುತ್ತದೆ.

ಜಕ್ಕಲಮಡುಗು ಜಲಾಶಯ ಕುಡಿಯುವ ನೀರಿನದು, ಅಲ್ಲಿ ಎಣ್ಣೆ ಕಕ್ಕುವ ಟೂ-ಸ್ಟ್ರೋಕ್ ಇಳಿಸುವ ಯೋಚನೆಯೇ ಪಾಪ. ಶ್ರೀನಿವಾಸ ಸಾಗರ ಕೋಡಿ ಬಿದ್ದಾಗ ಜನಜಾತ್ರೆ, ಬೀಳದಿದ್ದಾಗ ಸುದ್ದಿಯಿಲ್ಲ. ಇನ್ನು ಊರೂರ ಸಣ್ಣ ಕೆರೆಗಳು. ಯಂತ್ರಕ್ಕೆ ಮೂರಡಿಯಾದರೂ ನೀರು ಬೇಕು. ಕಮ್ಮಿಯಾದರೆ ತಳದ ಮರಳನ್ನೂ ಕಲ್ಲನ್ನೂ ಹೀರುತ್ತದೆ. ಒಳಗೆ ತಿರುಗಿ ನೀರೆಳೆಯುವ ಎಸಳಿಗೂ ಸುತ್ತಲಿನ ಉಂಗುರಕ್ಕೂ ಇರುವ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಮರಳು ಅದನ್ನು ಸವೆಸಿದರೆ ಇಂಜಿನ್ ಅರಚುತ್ತದೆ, ವಾಹನ ಅಲ್ಲೇ ಇರುತ್ತದೆ. ನಮ್ಮ ಕೆರೆಗಳಲ್ಲಿ ಹೂಳು ಎಷ್ಟೆಂದರೆ ಏರಿ ಮಾತ್ರ ಎತ್ತರವಾಗಿ ಕಾಣುತ್ತದೆ, ಅಂಗಳ ಅದಕ್ಕೆ ಸಮವಾಗಲು ಹವಣಿಸುತ್ತಿದೆ. ರಾಜಕಾಲುವೆಗಳಲ್ಲಿ ಮನೆಗಳೆದ್ದಿವೆ. ತೂಬಿನ ಕಲ್ಲುಕಂಬದ ಪಕ್ಕ ಬಳ್ಳಾರಿ ಜಾಲಿ ಬೆಳೆದಿದೆ. ಮಳೆ ಬಂದರೂ ನೀರಿಗೆ ಒಳಗೆ ಬರುವ ದಾರಿ ತಿಳಿಯದು.

ಕಾನೂನು ಪಕ್ಷದವರ ಶಂಕೆಗೆ ಒಂದೇ ಮಾತು. 1917ರ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಇಂಜಿನ್ ದೋಣಿಗೆ ನೋಂದಣಿ ಬೇಕು. ಕೆರೆ ಸಂಚಾರಯೋಗ್ಯ ಜಲವೇ ಎಂಬುದು ಪ್ರಶ್ನೆ. ಏಪ್ರಿಲ್ ತಿಂಗಳಲ್ಲಿ ಟ್ರ್ಯಾಕ್ಟರ್, ಕುರಿಮಂದೆ, ಕ್ರಿಕೆಟ್ ತಂಡ ಎಲ್ಲವೂ ಅಲ್ಲಿ ಸಂಚರಿಸುತ್ತವೆ. ಸಂಚಾರಕ್ಕೆ ಕೊರತೆಯಿಲ್ಲ, ಜಲದ್ದೇ ತೊಂದರೆ.

ಕೊನೆಯ ಪ್ರತಿವಾದಿ ಕೆರೆ ಮೀನುಗಾರ. ಗಾಳಿ ತುಂಬಿದ ಲಾರಿ ಟ್ಯೂಬು, ಮೇಲೊಂದು ಹಲಗೆ, ಕೈಯಲ್ಲಿ ತಟ್ಟೆಯಗಲದ ಹುಟ್ಟು. ಪಂಕ್ಚರ್ ಹಾಕಿಸಿದರೆ ಜೀರ್ಣೋದ್ಧಾರ ಮುಗಿಯಿತು. ಒಂದಡಿ ನೀರಿದ್ದರೂ ತೇಲುತ್ತದೆ, ಮರಳು ಹೀರುವುದಿಲ್ಲ, ಸಂಜೆಗೆ ಮೀನೂ ಸಿಗುತ್ತದೆ. ಇದನ್ನು ಖಂಡಿಸಲು ಗ್ರಂಥಕಾರನ ಬಳಿ ಯುಕ್ತಿಯಿಲ್ಲ. ಸದ್ದು ಬರುವುದಿಲ್ಲ ಎಂಬ ಒಂದು ಆಕ್ಷೇಪವನ್ನಷ್ಟೇ ದಾಖಲಿಸುತ್ತೇನೆ.

ಆದ್ದರಿಂದ ಸಿದ್ಧಾಂತ: ಹಳೇ ಜಲಸ್ಕೂಟರಿನ ಅತಿ ದುಬಾರಿ ಬಿಡಿಭಾಗ ಪಿಸ್ಟನ್ ಅಲ್ಲ, ರಬ್ಬರ್ ಪೊರೆಯೂ ಅಲ್ಲ, ಕೆರೆ. ಅದು ಜೆ.ಸಿ. ರಸ್ತೆಯಲ್ಲಿ ಸಿಗುವುದಿಲ್ಲ, ಗುಜರಿಯಲ್ಲೂ ಇಲ್ಲ, ಜಪಾನಿನಿಂದ ತರಿಸಲಾಗದು. ಪಿಸ್ಟನ್ ಕೂರಿಸುವ ಮುನ್ನ ಕಾಲುವೆ ಬಿಡಿಸಬೇಕು, ರಿಂಗಿಗೆ ಮೊದಲು ಹೂಳು ತೆಗೆಯಬೇಕು. ನಾನು ಕ್ರಮ ತಪ್ಪಿಸಿ ಇಂಜಿನ್ನಿನಿಂದ ಶುರುಮಾಡಿದ್ದು ಉದ್ದೇಶಪೂರ್ವಕ; ಜೆಸಿಬಿಯ ಗಂಟೆ ಬಾಡಿಗೆ ಕೇಳಿದವರಿಗೆ ಕಾರಣ ಹೊಳೆದಿರುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರ ಕೆರೆ ಈ ಮಳೆಗಾಲದಲ್ಲಿ ಮೂರಡಿ ದಾಟಿದರೆ, ನೀರಗಂಟಿ ತೂಬು ಎತ್ತುವ ಮುಂಚೆ ಒಂದು ಮಾತು ತಿಳಿಸಿ. ಪೆಟ್ರೋಲ್ ನಾನೇ ತರುತ್ತೇನೆ.