ಬಾಸ್ ಮರದ ಮೇಲಿದ್ದಾರೆ

ಕ್ಯಾಲಿಫೋರ್ನಿಯಾದ ಪಸಡೀನಾ ಬಳಿಯ ಓಕ್ ಗ್ರೋವ್ ಪಾರ್ಕ್. ತಟ್ಟೆಯಂಥ ಡಿಸ್ಕನ್ನು ಬುಟ್ಟಿಗೆ ಎಸೆಯುವ ಆಟ, ಡಿಸ್ಕ್ ಗಾಲ್ಫಿನ ಮೊದಲ ಕಾಯಂ ಕೋರ್ಸ್ 1975ರಲ್ಲಿ ಆದದ್ದು ಇಲ್ಲಿಯೇ. ಪಕ್ಕದಲ್ಲೇ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ಅಲ್ಲಿನವರು ಮಂಗಳನ ಮೇಲೆ ರೋವರ್ ಇಳಿಸುತ್ತಾರೆ. ಇಲ್ಲಿನವರು ಮರದಿಂದ ಡಿಸ್ಕ್ ಇಳಿಸಲು ಪರದಾಡುತ್ತಾರೆ. ಓಕ್ ಮರದ ಕವಲಿನಲ್ಲಿ ಸಿಕ್ಕಿಕೊಂಡಿದ್ದ, ಬ್ಲಿಝರ್ಡ್ ಚಾಂಪಿಯನ್ ಎಂಬ ಪ್ಲಾಸ್ಟಿಕ್ಕಿನ ‘ಬಾಸ್’ ಎಂಬ ಡ್ರೈವರ್, ಅಂದರೆ ದೂರದ ಎಸೆತದ ಡಿಸ್ಕ್, ಯಜಮಾನರು ಕೋಲು ಹುಡುಕಲು ಹೋಗಿದ್ದಾಗ ಮಾತಿಗೆ ಸಿಕ್ಕರು.

ನಮಸ್ಕಾರ ಬಾಸ್. ತಮ್ಮ ತೂಕ ಕೇಳಬಹುದೇ?

ಕೇಳುವುದೇನು ಬಂತು, ಹೊಟ್ಟೆಯ ಕೆಳಗೆ ಬರೆದೇ ಇದ್ದಾರಲ್ಲ: 137 ಗ್ರಾಂ. ಅಂಗಡಿಯಲ್ಲಿ ಗಟ್ಟಿಮುಟ್ಟಾದ ಗಂಡಸರು ನನ್ನನ್ನು ಎತ್ತಿ, ಮಗುಚಿ, ಅಂಕಿ ಓದಿ, ಯಾರಾದರೂ ನೋಡಿಬಿಟ್ಟರೇನೋ ಎಂದು ಸುತ್ತ ಕಣ್ಣಾಡಿಸಿ ಮೆಲ್ಲಗೆ ಕೆಳಗಿಡುತ್ತಾರೆ.

ಹಾಗಾದರೆ ಎಷ್ಟಿರಬೇಕಿತ್ತು?

ಇಷ್ಟೇ ಇರಬೇಕೆಂದು ಎಲ್ಲೂ ಇಲ್ಲ. ಹೆಚ್ಚೆಂದರೆ ಎಷ್ಟು ಎಂಬುದಷ್ಟೇ ನಿಯಮ: ವ್ಯಾಸದ ಒಂದೊಂದು ಸೆಂ.ಮೀ.ಗೆ 8.3 ಗ್ರಾಂ. ನನ್ನಂಥ ಡ್ರೈವರುಗಳ ವ್ಯಾಸ ಸುಮಾರು 21 ಸೆಂ.ಮೀ. ಲೆಕ್ಕ ಹಾಕಿದರೆ 175ರ ಹತ್ತಿರ ಬರುತ್ತದೆ. ಅದು ದಾಟಬಾರದ ಗೆರೆ. ಜನ ಅದನ್ನೇ ಪಾಸ್ ಮಾರ್ಕು ಅಂದುಕೊಂಡಿದ್ದಾರೆ.

ಅಲ್ಲಿಂದ 137ಕ್ಕೆ ಇಳಿದದ್ದು ಹೇಗೆ? ಉಪವಾಸವೇ?

ನಮ್ಮದು ಅಚ್ಚಿನಲ್ಲಿ ಹುಟ್ಟುವ ಜಾತಿ. ಅಚ್ಚು ಬದಲಾಗುವುದಿಲ್ಲ, ಅದರೊಳಗಿನ ಜಾಗವೂ ಅಷ್ಟೇ. ತೂಕ ಇಳಿಯಬೇಕಾದರೆ ತುಂಬುವ ಪ್ಲಾಸ್ಟಿಕ್ಕಿನ ಸಾಂದ್ರತೆಯೇ ಇಳಿಯಬೇಕು. ಸಣ್ಣ ಅಂಚಿನ ಡಿಸ್ಕುಗಳಿಗೆ 150 ಗ್ರಾಂ ದೊಡ್ಡ ಮಾತಲ್ಲ. ನಾವು ಅತಿವೇಗದವರು, ಅಂಚೇ ಎರಡೂವರೆ ಸೆಂ.ಮೀ.ಯಷ್ಟು ಅಗಲ, ಪ್ಲಾಸ್ಟಿಕ್ಕಿನ ಬಹುಪಾಲು ಅಲ್ಲೇ ಠಿಕಾಣಿ ಹೂಡಿರುತ್ತದೆ. ಬಾಳಿಕೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ನಮ್ಮನ್ನು ಇಷ್ಟು ಹಗುರ ಮಾಡುವುದು ಆಗದ ಕೆಲಸವಾಗಿತ್ತು. 2011ರ ಸುಮಾರಿಗೆ ಇನ್ನೋವಾ ಕಂಪನಿಯವರು ಪ್ಲಾಸ್ಟಿಕ್ಕಿನೊಳಗೇ ಪುಟ್ಟ ಪುಟ್ಟ ಗುಳ್ಳೆ ಸೇರಿಸಿ ದಾರಿ ಕಂಡುಕೊಂಡರು. ಬೆಳಕಿಗೆ ಹಿಡಿದರೆ ನಿಮಗೂ ಕಾಣುತ್ತವೆ.

ಅಂದರೆ ಜನ ಗಾಳಿಗೆ ದುಡ್ಡು ಕೊಡುತ್ತಿದ್ದಾರೆ?

ಚಿಪ್ಸ್ ಪೊಟ್ಟಣ ಕೊಳ್ಳುವಾಗ ಈ ಪ್ರಶ್ನೆ ಕೇಳಿದ್ದೀರಾ? ಇಲ್ಲಾದರೂ ಗಾಳಿ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ತೀರ ಹಗುರದವರು ನೀರಿಗೆ ಬಿದ್ದರೂ ತೇಲುತ್ತಾರೆ. 175ರ ಅಣ್ಣಂದಿರು ಕೆರೆಯ ತಳದಲ್ಲಿ ಘನತೆಯಿಂದ ಮಲಗಿರುತ್ತಾರೆ.

ಹಗುರವಾದರೆ ದೂರ ಹಾರುತ್ತೀರಿ ಎನ್ನುತ್ತಾರೆ. ನಿಜವೇ?

ಎಸೆಯುವವರು ಯಾರು ಹೇಳಿ. ಮಕ್ಕಳು, ವಯಸ್ಸಾದವರು, ಹೊಸಬರು 175 ಗ್ರಾಮಿಗೆ ಬೇಕಾದಷ್ಟು ವೇಗ ಕೊಡಲಾರರು. ವೇಗ ಸಾಲದ ಡ್ರೈವರ್, ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ, ಹೊರಟ ಸ್ವಲ್ಪದರಲ್ಲೇ ಎಡಕ್ಕೆ ವಾಲಿ ನೆಲ ಮುಟ್ಟುತ್ತದೆ. ಅದೇ ಅಚ್ಚಿನ ಹಗುರ ಡಿಸ್ಕ್ ಬೇಗ ವೇಗ ಹಿಡಿದು, ತುಸು ಬಲಕ್ಕೆ ಹೊರಳಿ, ಇನ್ನೊಂದಷ್ಟು ಹೊತ್ತು ತೇಲುತ್ತದೆ. ಎದುರುಗಾಳಿ ಎದ್ದರೆ ಮಾತ್ರ ಆ ಹೊರಳು ಅತಿಯಾಗುತ್ತದೆ. ನನ್ನ ಸದ್ಯದ ವಿಳಾಸ ನೋಡಿದಿರಲ್ಲ.

ಬೆನ್ನಿಗೆ ಗಾಳಿಯಿದ್ದರೆ?

2016ರಲ್ಲಿ ನೆವಾಡಾದ ಪ್ರಿಮ್ ಬಳಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ 338 ಮೀಟರ್ ಎಸೆದರು, ಮರುಭೂಮಿಯ ಗಾಳಿಯನ್ನು ಬೆನ್ನಿಗಿಟ್ಟುಕೊಂಡು. ಅದನ್ನು ಓದಿ ನಮ್ಮ ಯಜಮಾನರು ಮಾರನೆಯ ದಿನವೇ ಅಂಗಡಿಗೆ ಹೋದರು. ಅಲ್ಲಿ ಡಿಸ್ಕ್ ಸಿಕ್ಕಿತು. ಮರುಭೂಮಿಯೂ ವಿಗ್ಗಿನ್ಸರ ತೋಳೂ ಸ್ಟಾಕ್ ಇರಲಿಲ್ಲ.

ಯಜಮಾನರು ಹೇಗೆ?

ಒಳ್ಳೆಯವರು. ಹೆಗಲ ಬ್ಯಾಗಿನ ತುಂಬ ಡಿಸ್ಕ್. ಹಾರಾಟ ಹೇಗೆಂದು ಹೇಳಲು ಒಂದೊಂದಕ್ಕೂ ನಾಲ್ಕು ಅಂಕಿ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ನನ್ನದು 13, 5, −1, 3. ಎಲ್ಲವೂ ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠ. ಎಸೆತ ಚೆನ್ನಾಗಿ ಬಿದ್ದರೆ ‘ನನ್ನ ಕೈ ನೋಡಿದಿರಾ’ ಎನ್ನುತ್ತಾರೆ. ಕೆಟ್ಟರೆ ‘ಈ ಪ್ಲಾಸ್ಟಿಕ್ಕೇ ಸರಿಯಿಲ್ಲ’. ಕುಣಿಯಲಾರದವರಿಗೆ ಮೊದಲು ನೆಲ ಡೊಂಕಾಗಿತ್ತು, ಈಗ ಪ್ಲಾಸ್ಟಿಕ್ ಡೊಂಕು.

ಹಗುರದವರಿಗೆ ಎಲ್ಲೂ ಮರ್ಯಾದೆಯಿಲ್ಲವೇ?

ಜಪಾನಿನಲ್ಲಿ ಕಂಡಿದ್ದೇವೆ. ಪಾರ್ಕಿನಲ್ಲಿ ಅಡ್ಡಾಡುವವರ ತಲೆ ಅಲ್ಲಿ ಅಂಕಕ್ಕಿಂತ ದೊಡ್ಡದು. ಡಿಸ್ಕ್ 160 ಗ್ರಾಮಿನೊಳಗೇ ಇರಬೇಕೆಂಬ ಕಟ್ಟಳೆ ಜಪಾನ್ ಓಪನ್ ಪಂದ್ಯಾವಳಿಯಲ್ಲೂ ಇತ್ತು. ಘಟಾನುಘಟಿಗಳೂ ಅಲ್ಲಿಗೆ ಹೋಗುವಾಗ ನಮ್ಮ ಬಳಗದವರನ್ನೇ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಅಷ್ಟು ದೂರ ಯಾಕೆ, ಪಕ್ಕದ ಲ್ಯಾಬೊರೇಟರಿ ನೋಡಿ. ನೌಕೆಯ ತೂಕದಲ್ಲಿ ನಾಲ್ಕು ಗ್ರಾಂ ಉಳಿಸಿದರೆ ಜಾಣತನ. ಅದೇ ಜಾಣರು ಸಂಜೆ ಈಚೆ ಬಂದು ಆಡುವಾಗ ನಾಲ್ಕು ಗ್ರಾಂ ಕಡಿಮೆಯಾದರೆ ಅವಮಾನ.

ಪ್ಲಾಸ್ಟಿಕ್ಕಿಗೆ ಗುಳ್ಳೆ ಬೆರೆಸಿದ್ದು ಕಲಬೆರಕೆ ಎಂದು ಮೂಗು ಮುರಿಯುವವರಿಗೆ ಏನೆನ್ನುತ್ತೀರಿ?

ಎಡ್ ಹೆಡ್ರಿಕ್ ಹೆಸರು ಕೇಳಿರಬೇಕಲ್ಲ? ಈ ಕೋರ್ಸ್ ರೂಪಿಸಿದವರು, ಸರಪಳಿ ತೂಗುವ ಬುಟ್ಟಿ ಕಂಡುಹಿಡಿದವರು, ನಮ್ಮ ಕುಲಗುರು. 2002ರಲ್ಲಿ ಅವರು ತೀರಿಕೊಂಡಾಗ, ಅವರದೇ ಇಚ್ಛೆಯಂತೆ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ಗುರುಗಳೇ ಬೆರೆತ ಮೇಲೆ ಗುಳ್ಳೆಗೇನು ಮೈಲಿಗೆ?

ಕೊನೆಯದಾಗಿ, ಓದುಗರಿಗೆ ಸಂದೇಶ?

ಹೊಸದಾಗಿ ಆಡುವವರು ನನ್ನ ಗೊಡವೆಗೂ ಬರಬೇಡಿ. ಹಗುರವಾದರೂ ನಾನು 13ರ ಸ್ಪೀಡಿನವನು. ಸಣ್ಣ ಅಂಚಿನ, ನಿಧಾನದ, 150ರ ಆಸುಪಾಸಿನ ಡಿಸ್ಕ್ ತೆಗೆದುಕೊಂಡು ಮೊದಲು ನೇರ ಎಸೆಯಲು ಕಲಿಯಿರಿ.

ಹೀಗೆಂದರೆ ನಿಮ್ಮ ವ್ಯಾಪಾರ?

ಮರ ಹತ್ತಿ ಕೂತವನಿಗೆ ಯಾವ ವ್ಯಾಪಾರ ಸ್ವಾಮಿ?

ಅಷ್ಟರಲ್ಲಿ ಯಜಮಾನರು ಬರಿಗೈಯಲ್ಲಿ ಬಂದರು. ಕೋಲು ಸಿಗಲಿಲ್ಲವಂತೆ. ಬ್ಯಾಗಿನಿಂದ 175 ಗ್ರಾಮಿನದೊಂದನ್ನು ಎಳೆದು, “ಇದು ಭಾರ ಇದೆ ನೋಡಿ, ಗಾಳಿಗೆಲ್ಲ ಜಗ್ಗೋದಿಲ್ಲ” ಎನ್ನುತ್ತ ಬಾಸ್ ಕಡೆಗೆ ಬೀಸಿದರು. ಜಗ್ಗಲಿಲ್ಲ, ನಿಜ. ಎರಡು ಕೊಂಬೆ ಮೇಲೆ ಹೋಗಿ ಭದ್ರವಾಗಿ ಕೂತಿತು. ಕೂತದ್ದೇ ಕೆಳಗೆ ಬಗ್ಗಿ ಕೇಳಿತು: “ಸಂದರ್ಶನ ಬಂದ ಸರದಿಯ ಪ್ರಕಾರವೋ, ತೂಕದ ಪ್ರಕಾರವೋ?”